ಗಾಜು ನೀರು ಕುಡಿಯುವುದಿಲ್ಲ: ಜಾಡಿಯ ಮೇಲೆ ಡೆಕೂಪಾಜ್ ಕೆಡುವುದೇಕೆ?

ಪ್ರಶ್ನೆ: ಖಾಲಿಯಾದ ಗಾಜಿನ ಜಾಡಿಗಳನ್ನು ಎಸೆಯಲು ಮನಸ್ಸಾಗದೆ ಅವುಗಳ ಮೇಲೆ ಡೆಕೂಪಾಜ್, ಅಂದರೆ ಕಾಗದದ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಮೇಲೆ ವಾರ್ನಿಷ್ ಬಳಿಯುವ ಅಲಂಕಾರ, ಮಾಡಲು ಹೊರಟೆ. ಹೂವಿನ ಚಿತ್ರವಿರುವ ಟಿಶ್ಯೂ ನ್ಯಾಪ್‌ಕಿನ್ ಕತ್ತರಿಸಿ ಬಿಳಿ ಅಂಟಿನಿಂದ ಮೂರು ಜಾಡಿಗಳಿಗೆ ಅಂಟಿಸಿದೆ. ಮೊದಲನೆಯದರ ತುಂಬ ಸುಕ್ಕು. ಎರಡನೆಯದರಲ್ಲಿ ಸುಕ್ಕು ಕಡಿಮೆ, ಆದರೆ ಚಿತ್ರವೇ ಅಳಿಸಿಹೋದಂತೆ ಪೇಲವವಾಗಿದೆ. ಮೂರನೆಯದು ಚೆನ್ನಾಗಿಯೇ ಬಂದಿತ್ತು. ಮಾಡಿ ಮುಗಿಸಿದ ದಿನವೇ ವಾರ್ನಿಷ್ ಹಚ್ಚಿದೆ. ಒಂದು ವಾರ ಕಳೆದು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹಾಲು ಚೆಲ್ಲಿದಂತೆ ಬಿಳಿ ಮಚ್ಚೆಗಳು ಮೂಡಿದವು, ಅಂಚುಗಳು ಎದ್ದವು. ಇದೇ ಅಂಟು, ಇದೇ ಕಾಗದ ಬಳಸಿ ಮಾಡಿದ ಮರದ ಪೆಟ್ಟಿಗೆ ಎರಡು ವರ್ಷವಾದರೂ ಹಾಗೆಯೇ ಇದೆ. ಗಾಜಿನ ಮೇಲೆ ಎಲ್ಲಿ ತಪ್ಪುತ್ತಿದ್ದೇನೆ? ಇಂಥ ಜಾಡಿಯಲ್ಲಿ ತಿನ್ನುವ ಪದಾರ್ಥ ಇಡಬಹುದೇ, ತೊಳೆಯಬಹುದೇ?

ಉತ್ತರ: ಉತ್ತರ ನಿಮ್ಮ ಮರದ ಪೆಟ್ಟಿಗೆಯಲ್ಲೇ ಇದೆ. ಮರ ನೀರು ಕುಡಿಯುತ್ತದೆ, ಗಾಜು ಕುಡಿಯುವುದಿಲ್ಲ. ನಿಮ್ಮ ಮೂರನೆಯ ಜಾಡಿಯ ಸಂಕಟ ಮುಖ್ಯವಾಗಿ ಈ ವ್ಯತ್ಯಾಸದಿಂದಲೇ ಹುಟ್ಟಿದೆ, ಉಳಿದೆರಡಕ್ಕೆ ಬೇರೆ ಕಾರಣಗಳೂ ಇವೆ.

ನೀವು ಬಳಸಿದ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುವ ದ್ರವ. ಹಾಲು ಯಾವ ಕಾರಣಕ್ಕೆ ಬೆಳ್ಳಗೆ ಕಾಣುತ್ತದೆಯೋ ಈ ಅಂಟೂ ಅದೇ ಕಾರಣಕ್ಕೆ ಬೆಳ್ಳಗಿದೆ: ತೇಲುವ ಕಣಗಳು ಬೆಳಕನ್ನು ಚೆದುರಿಸುತ್ತವೆ. ನೀರು ಹೊರಟುಹೋದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಮರದ ಮೇಲೆ ನೀರಿಗೆ ಎರಡು ದಾರಿ. ಒಂದಿಷ್ಟು ಮರದೊಳಗೆ ಇಂಗುತ್ತದೆ, ಉಳಿದದ್ದು ಕಾಗದದ ಮೂಲಕ ಗಾಳಿಗೆ ಸೇರುತ್ತದೆ. ಜೊತೆಗೆ ಮರದ ರಂಧ್ರಗಳೊಳಗೆ ಅಂಟು ಇಳಿದು ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಗಾಜಿನ ಮೇಲೆ ಈ ಎರಡೂ ಇಲ್ಲ. ಇರುವುದು ಒಂದೇ ದಾರಿ, ಕಾಗದವನ್ನು ಹಾಯ್ದು ಮೇಲಕ್ಕೆ. ಆ ದಾರಿಯನ್ನೂ ವಾರ್ನಿಷ್ ಬಳಿದು ಅದೇ ದಿನ ಮುಚ್ಚಿಬಿಟ್ಟರೆ ನೀರು ಎಲ್ಲಿಗೆ ಹೋಗಬೇಕು?

ಆದ್ದರಿಂದ ಮೂರನೆಯ ಜಾಡಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅಲ್ಲಿ ವಾರ್ನಿಷ್‌ನ ಕೆಳಗೆ ಪೂರ್ತಿ ಒಣಗದ ಅಂಟು ಉಳಿದಿತ್ತು. ಮೇಲಿನಿಂದ ಮುಟ್ಟಿದರೆ ಒಣಗಿದಂತೆಯೇ ಅನಿಸುತ್ತದೆ, ಮೋಸ ಆಗುವುದು ಅಲ್ಲಿಯೇ. ಒದ್ದೆ ಬಟ್ಟೆಯಿಂದ ಒರೆಸಿದಾಗ ಅಂಚುಗಳಿಂದ ಇನ್ನಷ್ಟು ನೀರು ಒಳಗೆ ನುಗ್ಗಿತು. ಬಿಳಿ ಅಂಟು ಒಣಗಿದ ಮೇಲೂ ನೀರು ಸಿಕ್ಕರೆ ಮೆತ್ತಗಾಗಿ ಮತ್ತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಮಚ್ಚೆಗಳ ಮೂಲ ಅದು. ಜಾಡಿಯನ್ನು ಏನೂ ಮಾಡದೆ ಗಾಳಿಯಾಡುವ, ಬೆಚ್ಚಗಿನ ಜಾಗದಲ್ಲಿ ಒಂದೆರಡು ವಾರ ಇಟ್ಟುಬಿಡಿ. ಎಷ್ಟೋ ಸಲ ಮಚ್ಚೆಗಳು ತಾವಾಗಿಯೇ ತಿಳಿಯಾಗುತ್ತವೆ. ಅವು ಮಾಯವಾಗಲೆಂದು ಮೇಲೆ ಇನ್ನೊಂದು ಕೈ ವಾರ್ನಿಷ್ ಹಚ್ಚುವ ಆಸೆ ಬರುತ್ತದೆ, ಅದನ್ನು ಮಾತ್ರ ತಡೆದುಕೊಳ್ಳಿ.

ಅಂಚುಗಳು ಎದ್ದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು: ಜಿಡ್ಡು. ಹಳೆಯ ಲೇಬಲ್‌ ಕಿತ್ತ ಮೇಲೆ ಉಳಿಯುವ ಅಂಟನ್ನು ನೀವು ಹೇಗೆ ತೆಗೆದಿರೋ ತಿಳಿಯದು. ಬಹುತೇಕರು ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ಉಜ್ಜುತ್ತಾರೆ. ಅದು ಒಳ್ಳೆಯ ಉಪಾಯವೇ. ಕಾಗದದ ಲೇಬಲ್ ಬಿಸಿನೀರಿನಲ್ಲಿ ನೆನೆದರೆ ಬಿಟ್ಟುಕೊಳ್ಳುತ್ತದೆ, ಆದರೆ ಅದರ ಹಿಂದಿನ ಅಂಟು ರಬ್ಬರಿನಂತೆ ಎಳೆಯುವ ಜಾತಿಯದಾದರೆ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೇ ಕರಗಬೇಕು. ಆದರೆ ಎಣ್ಣೆ ಬಳಸಿದ ಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ಎರಡು ಬಾರಿ ತೊಳೆದು, ಒಣಗಿಸಿ, ಕೊನೆಗೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಹೊರಮೈ ಪೂರ್ತಿ ಒರೆಸಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಅದೂ ಆದೀತು. ಒರೆಸಿದ ಬಳಿಕ ಜಾಡಿಯ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಬೇಡಿ. ಬಾಯಿಯ ಅಂಚನ್ನು ಹಿಡಿದು, ಇಲ್ಲವೇ ಒಳಗೆ ಕೈ ಹಾಕಿ ಎತ್ತಿ. ಬೆರಳಿನ ತುದಿಯ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ, ಅಂಟಿಗೆ ಕಾಣುತ್ತದೆ. ಜಾಡಿ ಫ್ರಿಜ್ಜಿನಿಂದ ಆಗಷ್ಟೇ ಹೊರಬಂದದ್ದಾದರೆ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಇಲ್ಲದಿದ್ದರೆ ಅದರ ಮೈಮೇಲೆ ಕೂರುವ ಹನಿಗಳ ಮೇಲೇ ನೀವು ಅಂಟು ಬಳಿಯುತ್ತೀರಿ.

ಇನ್ನು ಎರಡನೆಯ ಜಾಡಿ, ಚಿತ್ರ ಮಾಯವಾದದ್ದು. ಇದರಲ್ಲಿ ನಿಮ್ಮ ಕೈಚಳಕದ ದೋಷ ಏನೂ ಇಲ್ಲ. ನ್ಯಾಪ್‌ಕಿನ್‌ನಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಪದರಗಳಿದ್ದು, ಬಣ್ಣ ಇರುವುದು ಮೇಲಿನ ಒಂದರಲ್ಲಿ ಮಾತ್ರ. ಕೆಳಗಿನ ಬಿಳಿ ಪದರಗಳನ್ನು ಬಿಡಿಸಿ ತೆಗೆಯುವುದು ಸರಿಯಾದ ಕ್ರಮ, ನೀವೂ ತೆಗೆದಿದ್ದೀರಿ ಎಂದುಕೊಳ್ಳುತ್ತೇನೆ. ತೆಗೆಯದಿದ್ದರೆ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡು ಮೇಲಿನದು ಸಿಪ್ಪೆಯಂತೆ ಬಿಟ್ಟುಬರುತ್ತದೆ. ಆದರೆ ಚಿತ್ರಕ್ಕೆ ಅಷ್ಟು ಹೊತ್ತೂ ಬೆಳ್ಳನೆಯ ಹಿನ್ನೆಲೆಯಾಗಿದ್ದದ್ದು ಆ ಪದರಗಳೇ. ಉಳಿದ ಒಂಟಿ ಪದರದ ಎಳೆಗಳ ನಡುವಿನ ಗಾಳಿಯ ಜಾಗವನ್ನು ಅಂಟು ತುಂಬಿದಾಗ, ಎಣ್ಣೆ ಬಿದ್ದ ಕಾಗದದಂತೆ, ಬೆಳಕು ಅದರ ಮೂಲಕ ಹಾಯ್ದುಹೋಗುತ್ತದೆ. ಮರದ ಪೆಟ್ಟಿಗೆಗೆ ನೀವು ಮೊದಲೇ ತಿಳಿ ಬಣ್ಣ ಬಳಿದಿದ್ದಿರಬೇಕು, ಹಾಗಾಗಿ ಅಲ್ಲಿ ಚಿತ್ರ ಎದ್ದು ಕಂಡಿತು. ಬರಿಯ ಗಾಜಿನ ಮೇಲೆ ಚಿತ್ರದ ಹಿಂದೆ ಏನೂ ಇಲ್ಲ.

ಪರಿಹಾರ ಬಿಳಿ ತಳ. ಅಕ್ರಿಲಿಕ್ ಬಿಳಿ ಬಣ್ಣವನ್ನು ಸ್ಪಂಜಿನಿಂದ ಒತ್ತೊತ್ತಿ ಹಚ್ಚಿ. ಬ್ರಷ್‌ನಿಂದ ಎಳೆದರೆ ಗಾಜಿನ ಮೇಲೆ ಗೆರೆಗಳು ಬೀಳುತ್ತವೆ, ಎರಡನೆಯ ಎಳೆತಕ್ಕೆ ಮೊದಲನೆಯದು ಕಿತ್ತು ಬರುತ್ತದೆ. ಮೊದಲ ಕೈಯಲ್ಲಿ ಜಾಡಿ ಮಸುಕು ಮಸುಕಾಗಿ ಅಸಹ್ಯವಾಗಿ ಕಾಣುತ್ತದೆ, ಎದೆಗುಂದಬೇಡಿ. ಒಣಗಿದ ಮೇಲೆ ಇನ್ನೊಂದು ತೆಳುವಾದ ಕೈ, ಬೇಕಾದರೆ ಮೂರನೆಯದು. ಗಾಜಿಗೆಂದೇ ಬರುವ ಪ್ರೈಮರ್ (ಬಣ್ಣಕ್ಕೆ ಹಿಡಿತ ಕೊಡುವ ತಳಲೇಪ) ಸಿಕ್ಕರೆ ಅದನ್ನು ಮೊದಲು ಹಚ್ಚುವುದು ಲೇಸು. ಸಾದಾ ಅಕ್ರಿಲಿಕ್ ಬಣ್ಣ ಗಾಜಿನ ಮೇಲೆ ಮೊದಲ ಕೆಲವು ದಿನ ಉಗುರು ತಾಗಿದರೂ ಏಳುವಷ್ಟು ಸುಕುಮಾರ. ಪೂರ್ತಿ ಜಾಡಿಗೆ ಬಣ್ಣ ಬೇಡ, ಗಾಜಿನ ಪಾರದರ್ಶಕತೆ ಉಳಿಯಲಿ ಎನ್ನುವವರು ಹೂವು ಕೂರುವ ಜಾಗಕ್ಕಷ್ಟೇ, ಹೂವಿನ ಆಕಾರಕ್ಕಿಂತ ತುಸು ಒಳಗೆ ಬಿಳಿ ಹಚ್ಚಬಹುದು. ಅದಕ್ಕೆ ಸ್ಥಿರವಾದ ಕೈ ಬೇಕು. ನನಗೆ ಅದು ಪ್ರತಿ ಬಾರಿಯೂ ಒಲಿಯುವುದಿಲ್ಲ.

ಅಥವಾ ಇದೇ ದೋಷವನ್ನು ಗುಣವಾಗಿಸಿಕೊಳ್ಳಿ. ಒಳಗೆ ಬ್ಯಾಟರಿಯ ಸಣ್ಣ ದೀಪ ಇಟ್ಟರೆ ನಿಮ್ಮ ಎರಡನೆಯ ಜಾಡಿ ಕತ್ತಲಲ್ಲಿ ಮೂರರಲ್ಲಿಯೂ ಚೆಂದವಾಗಿ ಕಂಡೀತು. ಉರಿಯುವ ಮೇಣದಬತ್ತಿ ಮಾತ್ರ ಬೇಡ. ಕಾಗದ, ಒಣಗಿದ ಅಂಟು, ವಾರ್ನಿಷ್, ಮೂರೂ ಬೆಂಕಿಗೆ ಆಹಾರ, ಮತ್ತು ಸಾಮಾನ್ಯ ಜಾಡಿಯ ಗಾಜು ಒಂದೇ ಕಡೆ ಬೀಳುವ ಶಾಖಕ್ಕೆ ಸೀಳಬಹುದು.

ಈಗ ಮೊದಲ ಜಾಡಿಯ ಸುಕ್ಕಿಗೆ ಬರೋಣ. ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಸುಕ್ಕಿಗೆ ಎರಡು ಮೂಲಗಳಿವೆ, ಅವನ್ನು ಬೇರೆ ಬೇರೆಯಾಗಿ ನೋಡಬೇಕು.

ಒಂದು, ಒದ್ದೆಯಾದ ಕಾಗದ ಬೆಳೆಯುತ್ತದೆ. ಕಾಗದದ ಎಳೆಗಳು ನೀರು ಹೀರಿ ಉದ್ದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ಉಬ್ಬುತ್ತವೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಎಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಗಾಗಿ ಹಾಳೆ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಹಿಗ್ಗುತ್ತದೆ. ಒಣ ಕಾಗದವನ್ನು ಒದ್ದೆ ಅಂಟಿನ ಮೇಲೆ ಇಟ್ಟರೆ ಅದು ಅಂಟಿಕೊಂಡ ಮೇಲೆ ಹಿಗ್ಗಲು ಶುರುಮಾಡುತ್ತದೆ, ಹಿಗ್ಗಲು ಜಾಗವಿಲ್ಲದೆ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಅಂಟಿಸುವ ಮುನ್ನವೇ ಹಿಗ್ಗಿಸಿಬಿಟ್ಟರೆ ಈ ಜಗಳ ಇಲ್ಲ. ಪತ್ರಿಕೆಯ ಹಾಳೆ, ಉಡುಗೊರೆಗೆ ಸುತ್ತುವ ಕಾಗದ, ಮುದ್ರಿಸಿದ ಚಿತ್ರ, ಇಂಥ ದಪ್ಪ ಕಾಗದವಾದರೆ ಹಿಂಬದಿಗೆ ತೆಳುವಾಗಿ ಅಂಟು ಬಳಿದು ಒಂದೆರಡು ನಿಮಿಷ ಸುಮ್ಮನೆ ಬಿಡಿ. ಮೊದಲು ಸುರುಳಿ ಸುತ್ತಿ, ಆಮೇಲೆ ತಾನಾಗಿ ಸಡಿಲಗೊಂಡು ಮೆತ್ತಗಾಗುತ್ತದೆ. ಆಗ ಅಂಟಿಸಿ. ಗೋಡೆಗೆ ವಾಲ್‌ಪೇಪರ್ ಹಚ್ಚುವವರೂ ಹಾಗೆಯೇ ಅಂಟು ಬಳಿದ ಹಾಳೆಯನ್ನು ಮಡಿಸಿಟ್ಟು ಕಾಯುತ್ತಾರೆ. ಜಾಡಿಯನ್ನು ಸುತ್ತುವಷ್ಟು ದೊಡ್ಡ ತುಂಡಾದರೆ ಎಳೆಗಳು ಮೇಲಿಂದ ಕೆಳಕ್ಕೆ ನಿಲ್ಲುವಂತೆ ಕತ್ತರಿಸಿ. ಎಳೆಗಳ ದಿಕ್ಕು ತಿಳಿಯಲು ಕಾಗದದ ಮೂಲೆಯನ್ನು ಎರಡೂ ಕಡೆಗೆ ಹರಿದು ನೋಡಿ, ನೇರವಾಗಿ ಹರಿಯುವುದೇ ಎಳೆಯ ದಿಕ್ಕು. ಎಳೆ ಲಂಬವಾಗಿದ್ದರೆ ಕಾಗದ ಹಟ ಮಾಡದೆ ಜಾಡಿಯ ಸುತ್ತ ಬಾಗುತ್ತದೆ.

ಎರಡನೆಯ ಮೂಲ ಜಾಡಿಯ ಆಕಾರ. ಡಬ್ಬಿಯಂತೆ ನೇರವಾದ ಮೈಗೆ ಚಪ್ಪಟೆ ಕಾಗದ ಸಲೀಸಾಗಿ ಸುತ್ತಿಕೊಳ್ಳುತ್ತದೆ. ಆದರೆ ಜಾಡಿಯ ಭುಜದಲ್ಲಿ, ಹೊಟ್ಟೆಯಿಂದ ಕತ್ತಿಗೆ ತಿರುಗುವ ಕಡೆ, ಗಾಜು ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗಿರುತ್ತದೆ. ಚೆಂಡಿಗೆ ಹಾಳೆ ಸುತ್ತಿ ನೋಡಿದವರಿಗೆ ಗೊತ್ತು, ಎಂಥ ಅಂಟು ಹಚ್ಚಿದರೂ ಎಷ್ಟು ತಿಕ್ಕಿದರೂ ಅಲ್ಲಿ ಸುಕ್ಕು ಬಿದ್ದೇ ಬೀಳುತ್ತದೆ. ಅಲ್ಲಿಗೆ ದೊಡ್ಡ ತುಂಡು ಒಯ್ಯಲೇಬೇಡಿ. ಹೂವಿನ ಗೊಂಚಲನ್ನು ಬಿಡಿ ಹೂ, ಬಿಡಿ ಎಲೆಗಳಾಗಿ ಕತ್ತರಿಸಿ. ಒಂದೇ ತುಂಡು ಬೇಕೇಬೇಕು ಎಂದರೆ ದರ್ಜಿ ದುಂಡಗಿನ ಕತ್ತುಪಟ್ಟಿಗೆ ಕಚ್ಚು ಹಾಕುವಂತೆ ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಸೀಳು ಕೊಡಿ. ಸೀಳಿದ ಕಡೆ ಒಂದರ ಮೇಲೊಂದು ಏರಿ ಕೂರುತ್ತದೆ. ಸೀಳನ್ನು ಎಲೆಯ ಅಂಚಿನಲ್ಲಿ, ದಳದ ಮಡಿಕೆಯಲ್ಲಿ ಅಡಗಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನ್ಯಾಪ್‌ಕಿನ್‌ನ ಒಂಟಿ ಪದರಕ್ಕೆ ಅಂಟು ಬಳಿದು ಕಾಯುವುದು ಆಗದ ಮಾತು, ಕೈಯಲ್ಲೇ ಹರಿಯುತ್ತದೆ. ಅದಕ್ಕೆ ನಾನು ನೆಚ್ಚಿರುವ ದಾರಿ ಪ್ಲಾಸ್ಟಿಕ್ ಹಾಳೆಯದು. ದಪ್ಪ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಹರಡಿ, ಬಣ್ಣದ ಮುಖ ಕೆಳಗಾಗುವಂತೆ ನ್ಯಾಪ್‌ಕಿನ್ ತುಂಡನ್ನು ಅದರ ಮೇಲಿಟ್ಟು, ಸಿಂಪಡಿಸುವ ಬಾಟಲಿಯಿಂದ ನೀರಿನ ಸಣ್ಣ ತುಂತುರು ಹಾಕಿ. ಕಾಗದ ತನ್ನಷ್ಟಕ್ಕೆ ಹಿಗ್ಗಿ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಚಪ್ಪಟೆಯಾಗುತ್ತದೆ. ಹೆಚ್ಚಾದ ನೀರನ್ನು ಬಸಿಯಿರಿ. ಬಿಳಿ ತಳದ ಮೇಲೆ ತೆಳುವಾಗಿ ಅಂಟು ಬಳಿದ ಜಾಡಿಗೆ ಪ್ಲಾಸ್ಟಿಕ್ ಸಮೇತ ಅದನ್ನು ಒತ್ತಿ, ಪ್ಲಾಸ್ಟಿಕ್‌ನ ಮೇಲಿನಿಂದಲೇ ಬೆರಳಿನಲ್ಲಿ ನಡುವಿನಿಂದ ಅಂಚಿನ ಕಡೆಗೆ ಸವರಿ, ಗಾಳಿ ಮತ್ತು ನೀರು ಹೊರಗೆ ಬಂದ ಮೇಲೆ ಪ್ಲಾಸ್ಟಿಕ್ಕನ್ನು ಮೆಲ್ಲನೆ ಸುಲಿಯಿರಿ. ಬ್ರಷ್ಷು ಒದ್ದೆ ಕಾಗದವನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ, ಹಾಗಾಗಿ ಹರಿಯುವ ಭಯವೂ ಇಲ್ಲ. ಮೇಲಿನ ಅಂಟಿನ ಲೇಪವನ್ನು ಪೂರ್ತಿ ಒಣಗಿದ ಮೇಲಷ್ಟೇ ಹಚ್ಚಿ.

ನ್ಯಾಪ್‌ಕಿನ್ ಅನ್ನು ಕತ್ತರಿಯಿಂದ ಕತ್ತರಿಸುವುದಕ್ಕಿಂತ ಹರಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಚಿತ್ರದ ಸುತ್ತ ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು ಮೆಲ್ಲನೆ ಎಳೆದರೆ ಆ ಗೆರೆಯಗುಂಟ ಹರಿಯುತ್ತದೆ. ನಾರುನಾರಾದ ಆ ಅಂಚು ಬಿಳಿ ತಳದಲ್ಲಿ ಕರಗಿ, ಚಿತ್ರ ಜಾಡಿಯ ಮೇಲೇ ಬರೆದಂತೆ ಕಾಣುತ್ತದೆ. ಕತ್ತರಿಯ ಅಂಚು ಎಷ್ಟೇ ನಾಜೂಕಾಗಿದ್ದರೂ ಅಂಟಿಸಿದ್ದು ಎಂದು ಕೂಗಿ ಹೇಳುತ್ತದೆ. ದಪ್ಪ ಕಾಗದಕ್ಕೆ ಇದು ಉಲ್ಟಾ. ಅಲ್ಲಿ ಹರಿದರೆ ಬಿಳಿ ಗಾಯ ಕಾಣುತ್ತದೆ, ಚೂಪಾದ ಸಣ್ಣ ಕತ್ತರಿಯೇ ಬೇಕು. ಕತ್ತರಿಯನ್ನು ಅಲುಗಾಡಿಸದೆ ಕಾಗದವನ್ನು ತಿರುಗಿಸುತ್ತಾ ಹೋಗಿ. ಕತ್ತರಿ ಈ ಕಲೆಯ ಹೆಸರಿನಲ್ಲೇ ಇದೆ: ಫ್ರೆಂಚ್ ಭಾಷೆಯಲ್ಲಿ ‘ಡೆಕೂಪೆ’ ಎಂದರೆ ಕತ್ತರಿಸಿ ತೆಗೆಯುವುದು. ಮೇರಿ ಡೆಲಾನಿ ಎಂಬ ಇಂಗ್ಲಿಷ್ ಮಹಿಳೆ 1772ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಣ್ಣದ ಕಾಗದದ ಚೂರುಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರ ಮಾಡಲು ಆರಂಭಿಸಿದರು. ಕಣ್ಣು ಮಂದವಾಗುವವರೆಗೆ ಸುಮಾರು ಸಾವಿರ ಚಿತ್ರಗಳನ್ನು ಮಾಡಿದರು. ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೈ ನಡುಗುತ್ತದೆ, ವಯಸ್ಸಾಯಿತು ಎಂದು ನನಗೆ ಬರೆಯುವವರಿಗೆಲ್ಲ ನಾನು ಅವರ ಹೆಸರು ಹೇಳುತ್ತೇನೆ.

ಮನೆಯ ಪ್ರಿಂಟರ್‌ನಿಂದ ತೆಗೆದ ಚಿತ್ರ ಬಳಸುವುದಾದರೆ ಒಂದು ಎಚ್ಚರಿಕೆ. ಇಂಕ್‌ಜೆಟ್‌ನ ಶಾಯಿ ಹಲವು ಸಲ ನೀರಿಗೆ ಕರಗುತ್ತದೆ. ನನ್ನ ಮೊದಲ ಜಾಡಿಯ ಮೇಲೆ ನೀಲಿ ಹಕ್ಕಿಯೊಂದು ಅಂಟು ತಾಗಿದ ಕ್ಷಣದಲ್ಲೇ ನೀಲಿ ಕೆರೆಯಾಗಿ ಹರಡಿದ್ದನ್ನು ನೋಡುತ್ತ ನಿಂತಿದ್ದೆ. ಲೇಸರ್ ಪ್ರಿಂಟ್ ಅಥವಾ ಬಣ್ಣದ ಝೆರಾಕ್ಸ್ ಸುರಕ್ಷಿತ, ಅದರಲ್ಲಿರುವುದು ಶಾಖದಿಂದ ಕಾಗದಕ್ಕೆ ಬೆಸೆದ ಪುಡಿ. ಒದ್ದೆ ಬೆರಳನ್ನು ಚಿತ್ರದ ಒಂದು ಮೂಲೆಗೆ ಒತ್ತಿ ನೋಡಿದರೆ ಯಾವುದು ಎಂಥದ್ದೆಂದು ತಿಳಿಯುತ್ತದೆ. ಹಳೆಯ ಕುಟುಂಬದ ಫೋಟೊಗಳ ಮೂಲಪ್ರತಿಯನ್ನು ದಯವಿಟ್ಟು ಅಂಟಿಸಬೇಡಿ, ನಕಲು ತೆಗೆದುಕೊಳ್ಳಿ. ಪತ್ರಿಕೆಯ ಹಾಳೆಯಲ್ಲಿ ಹಿಂಬದಿಯ ಅಕ್ಷರಗಳು ಒದ್ದೆಯಾದಾಗ ಇಣುಕುತ್ತವೆ, ವರ್ಷ ಕಳೆದಂತೆ ಕಾಗದ ಹಳದಿಯಾಗುತ್ತದೆ. ಹಳತಾದ ನೋಟ ಬೇಕೆನ್ನುವವರಿಗೆ ಅದೂ ಸರಿಯೇ.

ಗುಳ್ಳೆ ಎದ್ದರೆ ಒದ್ದೆಯಿರುವಾಗ ತಿಕ್ಕಬೇಡಿ. ಒಣಗಿದ ಮೇಲೆ ಸೂಜಿಯಿಂದ ಚುಚ್ಚಿ, ದೊಡ್ಡದಾದರೆ ಬ್ಲೇಡಿನ ತುದಿಯಿಂದ ಸಣ್ಣಗೆ ಸೀಳಿ, ಸೂಜಿಯ ತುದಿಯಲ್ಲಿ ಅಂಟು ಇಳಿಸಿ ಒತ್ತಿ ಹಿಡಿಯಿರಿ. ಹೇರ್ ಡ್ರೈಯರ್‌ನ ಬಿಸಿ ಗಾಳಿಯಿಂದ ಒಣಗಿಸುವವರೇ ಹೆಚ್ಚಾಗಿ ಗುಳ್ಳೆಗಳನ್ನು ತಾವೇ ತಂದುಕೊಳ್ಳುತ್ತಾರೆ. ಮೇಲೆ ಪೊರೆ ಕಟ್ಟುತ್ತದೆ, ಕೆಳಗಿನ ನೀರು ಮತ್ತು ಗಾಳಿ ಬಿಸಿಯಾಗಿ ಉಬ್ಬುತ್ತವೆ. ಮರದ ಮೇಲೆ ನ್ಯಾಪ್‌ಕಿನ್‌ಗೆ ಇಸ್ತ್ರಿ ಹಾಕುವ ವಿಧಾನವನ್ನು ನೀವು ನೋಡಿರಬಹುದು, ಗಾಜಿಗೆ ಅದನ್ನು ತರಬೇಡಿ.

ವಾರ್ನಿಷ್‌ ವಿಷಯದಲ್ಲಿ ಬೇಕಾದದ್ದು ಕೌಶಲಕ್ಕಿಂತ ತಾಳ್ಮೆ. ಹದಿನೆಂಟನೆಯ ಶತಮಾನದ ವೆನಿಸ್‌ನಲ್ಲಿ, ದುಬಾರಿಯಾದ ಪೂರ್ವದೇಶಗಳ ಅರಗಿನ ಕೆಲಸವನ್ನು ಅಗ್ಗದಲ್ಲಿ ಅನುಕರಿಸಲು ಮುದ್ರಿತ ಚಿತ್ರಗಳನ್ನು ಪೀಠೋಪಕರಣಕ್ಕೆ ಅಂಟಿಸಿ, ಕಾಗದದ ಅಂಚು ಕೈಗೆ ತಾಗದಂತಾಗುವವರೆಗೆ ಲೇಪದ ಮೇಲೆ ಲೇಪ ಹಚ್ಚುತ್ತಿದ್ದರು. ಅದಕ್ಕೆ ‘ಲಾಕಾ ಪೊವೆರಾ’, ಅಂದರೆ ಬಡವರ ಅರಗು, ಎಂಬ ಹೆಸರಿತ್ತು. ಜಾಡಿಗೆ ಅಷ್ಟು ಬೇಡ. ಅಂಟಿಸಿದ ಮೇಲೆ ಕನಿಷ್ಠ ಎರಡು ದಿನ, ಹವೆ ತೇವವಾಗಿದ್ದರೆ ನಾಲ್ಕು ದಿನ ಬಿಟ್ಟು, ನೀರಿನ ತಳಹದಿಯ ಅಕ್ರಿಲಿಕ್ ವಾರ್ನಿಷ್‌ನ ನಾಲ್ಕೈದು ತೆಳು ಲೇಪ ಕೊಡಿ, ಪ್ರತಿ ಲೇಪದ ನಡುವೆ ಮೂರು ನಾಲ್ಕು ಗಂಟೆ ಅಂತರವಿರಲಿ. ಎರಡನೆಯ ಲೇಪದ ನಂತರ 400ರ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿದರೆ ಮುಂದಿನ ಲೇಪ ಕನ್ನಡಿಯಂತೆ ಕೂರುತ್ತದೆ. ಎಣ್ಣೆ ತಳಹದಿಯ ವಾರ್ನಿಷ್ ಗಟ್ಟಿ ಹೌದು, ಆದರೆ ಕಾಲ ಕಳೆದಂತೆ ಹಳದಿಯಾಗಿ ಬಿಳಿ ತಳವನ್ನು ಕೆಡಿಸುತ್ತದೆ. ಅಂಟನ್ನೇ ಮೇಲಿನ ಕೊನೆಯ ಲೇಪವಾಗಿ ಬಿಡುವವರಿದ್ದಾರೆ. ಅದು ಸೆಕೆಯಲ್ಲಿ ಜಿಗುಟಾಗಿ ಧೂಳನ್ನು ಹಿಡಿಯುತ್ತದೆ, ಪಕ್ಕದ ಜಾಡಿಗೆ ಅಂಟಿಕೊಳ್ಳುತ್ತದೆ. ವಾರ್ನಿಷ್ ಕೈಗೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆ ತರಬೇಡಿ.

ತಿನ್ನುವ ಪದಾರ್ಥ ಇಡಬಹುದು, ಅಲಂಕಾರ ಹೊರಮೈಗೆ ಮಾತ್ರ ಸೀಮಿತವಾಗಿದ್ದರೆ. ಒಳಗೆ ಬಣ್ಣ, ಅಂಟು, ವಾರ್ನಿಷ್ ಒಂದು ಹನಿಯೂ ಬೀಳಬಾರದು. ಬಾಯಿಯ ಅಂಚಿನಿಂದ ಕೆಳಕ್ಕೆ ಎರಡು ಸೆಂಟಿಮೀಟರಿನಷ್ಟು, ಮುಚ್ಚಳ ತಿರುಗುವ ತಿರುಪಿನ ಭಾಗವೂ ಸೇರಿ, ಖಾಲಿ ಬಿಡಿ. ಅಲ್ಲಿ ಹಚ್ಚಿದರೆ ಪ್ರತಿ ಬಾರಿ ಮುಚ್ಚಳ ತೆಗೆದಾಗ ಉದುರುವ ಚೂರು ನೇರ ಒಳಗೆ ಬೀಳುತ್ತದೆ. ಬುಡದಲ್ಲಿಯೂ ನಾಲ್ಕೈದು ಮಿಲಿಮೀಟರ್ ಬಿಡಿ, ಒದ್ದೆ ಕಟ್ಟೆಯ ಮೇಲಿಟ್ಟಾಗ ನೀರು ಏರುವುದು ಅಲ್ಲಿಂದಲೇ. ತೊಳೆಯುವುದಾದರೆ ಒಳಗೆ ಮಾತ್ರ ತೊಳೆದು, ಹೊರಗೆ ಹಿಂಡಿದ ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಿ. ನೆನೆಸಿಡುವುದು, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವುದು ಎರಡೂ ಇಲ್ಲ. ಯಾವ ವಾರ್ನಿಷ್‌ನ ಡಬ್ಬಿಯ ಮೇಲೆ ಜಲನಿರೋಧಕ ಎಂದು ಬರೆದಿದ್ದರೂ ನನ್ನ ಮಾತು ಅದೇ.

ಕಾಗದವನ್ನು ಗಾಜಿನ ಒಳಗಿನಿಂದ ಅಂಟಿಸುವ ಕ್ರಮವೂ ಒಂದಿದೆ. 1850ರ ದಶಕದಲ್ಲಿ ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಗಳಲ್ಲಿ ಅದರ ಹುಚ್ಚು ಎಷ್ಟು ಹಬ್ಬಿತ್ತೆಂದರೆ ಹೆಸರಿನಲ್ಲೇ ‘ಮೇನಿಯಾ’ ಸೇರಿಕೊಂಡಿತು: ಪೊಟಿಶೊಮೇನಿಯಾ. ಚಿತ್ರಗಳನ್ನು ಹೂದಾನಿಯ ಒಳಮೈಗೆ ಮುಖ ಹೊರಗಾಗುವಂತೆ ಅಂಟಿಸಿ, ಅದರ ಹಿಂದೆ ಬಣ್ಣ ತುಂಬಿ, ಪಿಂಗಾಣಿಯಂತೆ ಕಾಣಿಸುತ್ತಿದ್ದರು. ಗಾಜೇ ಹೊಳಪಿನ ಲೇಪವಾಗುವುದರಿಂದ ಹೊರಗೆ ವಾರ್ನಿಷ್‌ನ ಗೊಡವೆಯಿಲ್ಲ, ಒರೆಸುವುದೂ ಸುಲಭ. ಆದರೆ ಚಿತ್ರದ ಮುಖಕ್ಕೇ ಅಂಟು ಹಚ್ಚಬೇಕು, ಚೂರು ಗಾಳಿ ಉಳಿದರೂ ಹೊರಗಿನಿಂದ ಬೆಳ್ಳಿಯ ಮಚ್ಚೆಯಾಗಿ ಹೊಳೆಯುತ್ತದೆ. ಕೈ ಸಲೀಸಾಗಿ ಒಳಗೆ ಹೋಗುವ ಅಗಲ ಬಾಯಿಯ ಜಾಡಿಯಲ್ಲಿ ಮಾತ್ರ ಪ್ರಯತ್ನಿಸಿ. ಒಳಗೆ ನೀರಾಗಲಿ ಆಹಾರವಾಗಲಿ ಇಡುವಂತಿಲ್ಲ. ಪೆನ್ನು, ಗುಂಡಿ, ದಾರದುಂಡೆಗೆ ಅದು ಚೆಂದ.

ಕೊನೆಗೆ ನಿಮ್ಮ ಮೂರು ಜಾಡಿಗಳು. ಎರಡನೆಯದನ್ನು ದೀಪಕ್ಕೆ ಬಿಡಿ. ಮೂರನೆಯದು ಎರಡು ವಾರ ಒಣಗಲಿ. ಮಚ್ಚೆ ತಿಳಿಯಾದರೆ, ಎದ್ದ ಅಂಚಿನ ಕೆಳಗೆ ಬೆಂಕಿಕಡ್ಡಿಯ ತುದಿಯಿಂದ ಅಂಟು ತುಂಬಿ, ಪ್ಲಾಸ್ಟಿಕ್ ತುಂಡಿನ ಮೇಲಿನಿಂದ ಒತ್ತಿ ಕಟ್ಟಿಡಿ. ಕನಿಷ್ಠ ಎರಡು ದಿನ ಬಿಟ್ಟು ಅಂಚುಗಳಿಗಷ್ಟೇ ಎರಡು ಲೇಪ ವಾರ್ನಿಷ್ ಕೊಡಿ. ಮೊದಲನೆಯದನ್ನು ರಾತ್ರಿಯಿಡೀ ಬೆಚ್ಚನೆಯ ಸೋಪು ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಕಾಗದ, ಅಂಟು ಎಲ್ಲ ಹಾವಿನ ಪೊರೆಯಂತೆ ಕಳಚಿ ಬರುತ್ತದೆ. ನಿಮ್ಮ ಮರದ ಪೆಟ್ಟಿಗೆಗೆ ಆ ಅನುಕೂಲವಿಲ್ಲ.